ಕ್ರೀಡಾಕೂಟದ ಖರ್ಚು ಯಾರ ತಲೆಯ ಮೇಲೆ?

ಓದುಗರ ಪ್ರಶ್ನೆ: ಆರೋಗ್ಯ ಮತ್ತು ಸಮಾಜ

2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಡೆಸುವ ಹೊಣೆ ಅಹಮದಾಬಾದಿಗೆ ಬಂದಿದೆ. 2036ರ ಒಲಿಂಪಿಕ್ಸನ್ನೂ ಭಾರತಕ್ಕೆ ತರುವ ಪ್ರಯತ್ನ ನಡೆದಿದೆ. ಈ ಹಿನ್ನೆಲೆಯಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಕೆಲವು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅವಳಿ ನಗರಕ್ಕೂ ಒಂದು ದೊಡ್ಡ ಕ್ರೀಡಾಕೂಟ ಬರಬೇಕು, ಬಂದರೆ ರಸ್ತೆ, ದೀಪ, ಹೆಸರು ಎಲ್ಲವೂ ತಾವಾಗಿಯೇ ಬರುತ್ತವೆ ಎಂದು ಬೆಳಗಿನ ವಾಕಿಂಗ್ ಬಳಗದಲ್ಲಿ ಗೆಳೆಯರು ವಾದಿಸುತ್ತಾರೆ. ಖರ್ಚು ಸರ್ಕಾರದ್ದು, ಲಾಭ ಊರಿನದು ಎಂಬುದು ಅವರ ಮಾತು. ಇದರಲ್ಲಿ ಎಷ್ಟು ನಿಜವಿದೆ?
(ನಿವೃತ್ತ ಶಿಕ್ಷಕರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸರ್ಕಾರದ ಖರ್ಚು ಬೇರೆ, ಊರಿನ ಖರ್ಚು ಬೇರೆ ಎಂಬ ಎಣಿಕೆಯೇ ಸರಿಯಲ್ಲ. ಕೆನಡಾದ ಮಾಂಟ್ರಿಯಲ್ ನಗರ 1976ರಲ್ಲಿ ಒಲಿಂಪಿಕ್ಸ್ ನಡೆಸಿತು. ಆ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಸಾಲ ತೀರಿಸುವುದಕ್ಕಾಗಿ ಅಲ್ಲಿನ ಪ್ರಾಂತೀಯ ಸರ್ಕಾರ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿತ್ತು. ದೇಹದಾರ್ಢ್ಯದ ಹೆಸರಿನಲ್ಲಿ ನಡೆದ ಉತ್ಸವದ ಸಾಲವನ್ನು ಸಿಗರೇಟು ಸೇದುವವರು ಮೂವತ್ತು ವರ್ಷ ತೀರಿಸಿದರು ಎಂಬುದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ನಮ್ಮದೇ ಉದಾಹರಣೆ ಬೇಕೆಂದರೆ 2010ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನೋಡಬಹುದು. ಸರ್ಕಾರದ ಲೆಕ್ಕಪತ್ರ ಪರಿಶೋಧಿಸುವ ಸಿಎಜಿಯ 2011ರ ವರದಿ ಅದರ ಒಟ್ಟು ಹೊರೆಯನ್ನು 18,532 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. 2003ರಲ್ಲಿ ಆತಿಥ್ಯ ಕೇಳುವಾಗ ಹೇಳಿದ್ದ ಮೊತ್ತದ ಅನೇಕ ಪಟ್ಟು ಅದು. ಭ್ರಷ್ಟಾಚಾರದ ಸುದ್ದಿ ಎಲ್ಲರಿಗೂ ನೆನಪಿದೆ. ಅಷ್ಟಾಗಿ ನೆನಪಿನಲ್ಲಿ ಉಳಿಯದ ಸಂಗತಿಯೆಂದರೆ, ಪರಿಶಿಷ್ಟ ಜಾತಿಯವರ ಕಲ್ಯಾಣಕ್ಕೆಂದು ದೆಹಲಿ ಸರ್ಕಾರ ತೆಗೆದಿಟ್ಟಿದ್ದ ಹಣದಲ್ಲಿ ನೂರಾರು ಕೋಟಿ ರೂಪಾಯಿ ಈ ಕೂಟದ ಕಾಮಗಾರಿಗಳಿಗೆ ಹೋಗಿತ್ತು. ಅದು ತಪ್ಪು ಎಂದು ಆಗಿನ ಕೇಂದ್ರ ಗೃಹ ಸಚಿವರೇ ರಾಜ್ಯಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ವಿದ್ಯಾರ್ಥಿವೇತನ, ವಸತಿಗೃಹ, ಆಸ್ಪತ್ರೆಗೆ ಸಲ್ಲಬೇಕಾದದ್ದು ಮೇಲ್ಸೇತುವೆಯಾಗಿ ಮಾರ್ಪಟ್ಟರೆ ಆ ನಷ್ಟ ಯಾವ ಕ್ರೀಡಾಕೂಟದ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ.

ಇನ್ನು ಮನೆ ಕಳೆದುಕೊಂಡವರು. ಕೂಟಕ್ಕೆ ಮುಂಚಿನ ಆರೇಳು ವರ್ಷಗಳಲ್ಲಿ ದೆಹಲಿಯಲ್ಲಿ ಅದರ ನೆಪದಿಂದ ಎತ್ತಂಗಡಿಯಾದವರು ಕನಿಷ್ಠ 2 ಲಕ್ಷ ಎಂದು ವಸತಿ ಹಕ್ಕುಗಳ ಸಂಘಟನೆಯೊಂದು ಅಂದಾಜಿಸಿತ್ತು. ಯಮುನೆಯ ದಂಡೆಯ ಜೋಪಡಿಗಳನ್ನು 2004ರಲ್ಲಿ ಕೆಡವಿದಾಗ ಅನೇಕ ಕುಟುಂಬಗಳನ್ನು ಊರಿನ ವಾಯವ್ಯದಂಚಿನ ಬವಾನಾಕ್ಕೆ ಕಳಿಸಲಾಯಿತು. ನದಿಯ ಸ್ವಚ್ಛತೆ, ನ್ಯಾಯಾಲಯದ ಆದೇಶ ಮುಂತಾದ ಬೇರೆ ಕಾರಣಗಳೂ ಅಲ್ಲಿ ಸೇರಿದ್ದವು, ಎಲ್ಲವನ್ನೂ ಕ್ರೀಡಾಕೂಟದ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ ಎತ್ತಂಗಡಿ ಎಂದರೆ ಗೋಡೆ ಹೋಯಿತು ಎಂದಷ್ಟೇ ಅರ್ಥವಲ್ಲ. ಮನೆಗೆಲಸಕ್ಕೆ ನಡೆದು ಹೋಗುತ್ತಿದ್ದ ಹೆಂಗಸಿಗೆ ಬಸ್ ಖರ್ಚು ಕೂಲಿಯನ್ನು ನುಂಗುತ್ತದೆ. ಹತ್ತಿರದ ಕೇಂದ್ರದಲ್ಲಿ ಕ್ಷಯದ ಮಾತ್ರೆ ಪಡೆಯುತ್ತಿದ್ದವರಿಗೆ ಚಿಕಿತ್ಸೆ ನಡುವೆಯೇ ತಪ್ಪಿ, ಔಷಧಕ್ಕೆ ಮಣಿಯದ ಕ್ಷಯ ಬರುವ ಅಪಾಯ ಹುಟ್ಟುತ್ತದೆ. ಮಗುವಿನ ಲಸಿಕೆ ತಪ್ಪುತ್ತದೆ, ಶಾಲೆ ತಪ್ಪುತ್ತದೆ. ಬ್ರೆಜಿಲ್ಲಿನ ರಿಯೊದಲ್ಲಿಯೂ 2016ರ ಒಲಿಂಪಿಕ್ಸಿನ ಮೊದಲು ಹತ್ತಾರು ಸಾವಿರ ಜನರಿಗೆ ಇದೇ ಗತಿಯಾಯಿತು. ಅಷ್ಟು ಸಾಲದೆಂಬಂತೆ, ಕ್ರೀಡಾಕೂಟಕ್ಕೆ ಎರಡು ತಿಂಗಳೂ ಇಲ್ಲದಿರುವಾಗ ಆ ರಾಜ್ಯದ ಸರ್ಕಾರ ಬೊಕ್ಕಸ ಬರಿದಾಗಿದೆಯೆಂದು ಆರ್ಥಿಕ ವಿಪತ್ತನ್ನು ಘೋಷಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಕ್ಕೂ ಸಂಬಳಕ್ಕೂ ತತ್ವಾರವಿದ್ದ ದಿನಗಳು ಅವು.

ಹುಬ್ಬಳ್ಳಿ-ಧಾರವಾಡಕ್ಕೆ ಒಲಿಂಪಿಕ್ಸ್ ಬರುವುದಿಲ್ಲ, ಅದು ಬೇರೆ ಮಾತು. ಆದರೂ ದೊಡ್ಡ ಕೂಟವೊಂದು ಬಂದರೆ ನಿಮ್ಮ ಬಳಗ ಕೇಳಬೇಕಾದ ಮೊದಲ ಪ್ರಶ್ನೆ ನೀರಿನದು. ಮಲಪ್ರಭೆ ಮತ್ತು ನೀರಸಾಗರವನ್ನು ನಂಬಿದ ನಗರದಲ್ಲಿ, ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಬಡಾವಣೆಗಳಿರುವಾಗ, ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಯಾವ ನೀರು ಎಂದು ಕೇಳುವುದು ಉದ್ಧಟತನವಲ್ಲ. 2016ರ ಬರದಲ್ಲಿ ಬಾಂಬೆ ಹೈಕೋರ್ಟ್ ಇದೇ ಪ್ರಶ್ನೆ ಎತ್ತಿ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಕಳಿಸಿತು.

ಎರಡನೆಯದು ಗಿರಮಿಟ್ಟು-ಮಿರ್ಚಿ ಗಾಡಿಯವರದು. ದೊಡ್ಡ ಕೂಟಗಳಲ್ಲಿ ಪ್ರಾಯೋಜಕರ ಹಿತಕ್ಕಾಗಿ ಕ್ರೀಡಾಂಗಣದ ಸುತ್ತಲಿನ ಬೀದಿ ವ್ಯಾಪಾರಿಗಳನ್ನು ದೂರ ಓಡಿಸುವುದು ವಾಡಿಕೆಯಾಗಿದೆ. ಬ್ರೆಜಿಲ್ಲಿನ ಸಾಲ್ವಡಾರ್ ನಗರದಲ್ಲಿ ಅಲಸಂದೆ ವಡೆ ಮಾರುವ ಹೆಂಗಸರು ಹೋರಾಡಿ ಕ್ರೀಡಾಂಗಣದ ಆವರಣದಲ್ಲಿಯೇ ಮಾರುವ ಹಕ್ಕು ಪಡೆದರು. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೂ ಅದರಡಿಯಲ್ಲಿ ಪಟ್ಟಣ ವ್ಯಾಪಾರ ಸಮಿತಿಗಳೂ ಇವೆ. ಕೂಟದ ದಿನಗಳಲ್ಲಿ ಗಾಡಿಗಳು ಎಲ್ಲಿ ನಿಲ್ಲಬೇಕೆಂಬುದನ್ನು ಆ ಸಮಿತಿಯ ಮುಂದೆ ಮೊದಲೇ ತೀರ್ಮಾನಿಸಿಕೊಳ್ಳುವುದು ಸಾಧ್ಯ.

ಪ್ರಶ್ನೆ: ನಮ್ಮ ತಾಂಡಾದವರು ಗುಳೆ ಹೋಗುವುದು ಹೊಸದೇನಲ್ಲ. ಈಗ ಮೇಸ್ತ್ರಿಯೊಬ್ಬ ಗುಜರಾತಿನಲ್ಲಿ ಸ್ಟೇಡಿಯಂ ಕಟ್ಟುವ ಕೆಲಸವಿದೆ, ಪಗಾರ ಹೆಚ್ಚು ಎಂದು ಹುಡುಗರನ್ನು ಕರೆಯುತ್ತಿದ್ದಾನೆ. ನನ್ನ ತಮ್ಮನೂ ಗೌಂಡಿ ಕೆಲಸದವನು. ಕಳಿಸಬಹುದೇ? ಏನು ನೋಡಿಕೊಳ್ಳಬೇಕು?
(ಆಶಾ ಕಾರ್ಯಕರ್ತೆ, ಗದಗ ತಾಲ್ಲೂಕು)

ಉತ್ತರ: ಕ್ರೀಡಾಕೂಟಗಳ ಆರೋಗ್ಯದ ಬೆಲೆಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ತೆರುವವರು ನಿಮ್ಮ ತಮ್ಮನಂಥವರು. ಆದ್ದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತೇವೆ.

ಕತಾರ್ ದೇಶಕ್ಕೆ 2022ರ ಫುಟ್‌ಬಾಲ್ ವಿಶ್ವಕಪ್ ಸಿಕ್ಕಿದ್ದು 2010ರ ಡಿಸೆಂಬರಿನಲ್ಲಿ. ಅಲ್ಲಿಂದ ಹತ್ತು ವರ್ಷಗಳಲ್ಲಿ ಭಾರತ, ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಶ್ರೀಲಂಕಾದ 6,500ಕ್ಕೂ ಹೆಚ್ಚು ವಲಸಿಗರು ಆ ದೇಶದಲ್ಲಿ ಸತ್ತರೆಂದು ಬ್ರಿಟನ್ನಿನ ಪತ್ರಿಕೆಯೊಂದು 2021ರಲ್ಲಿ ವರದಿ ಮಾಡಿತು. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು: ಎಲ್ಲ ಕೆಲಸಗಳ, ಎಲ್ಲ ಕಾರಣಗಳ ಸಾವುಗಳು ಅದರಲ್ಲಿ ಸೇರಿವೆ. ಸಂಘಟಕರು ಕ್ರೀಡಾಂಗಣದ ಕೆಲಸದಲ್ಲಿ ಸತ್ತವರು ಮೂವರು ಮಾತ್ರ ಎನ್ನುತ್ತಿದ್ದರು. ಆಮೇಲೆ ಅವರ ಮುಖ್ಯಸ್ಥರೇ ವಿಶ್ವಕಪ್ಪಿಗೆ ಸಂಬಂಧಿಸಿದ ಕಾಮಗಾರಿಗಳಲ್ಲಿ ಸತ್ತವರು 400ರಿಂದ 500 ಇರಬಹುದೆಂದು ಸಂದರ್ಶನದಲ್ಲಿ ಹೇಳಿದರು. ಮೂರಕ್ಕೂ ಐನೂರಕ್ಕೂ ನಡುವೆ ಇಷ್ಟು ಅಂತರ ಹೇಗೆ ಬಂತು ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಬಿಸಿಲಿನಲ್ಲಿ ದುಡಿದು ಬಂದ ಯುವಕ ರಾತ್ರಿ ಕೋಣೆಯಲ್ಲಿ ಮಲಗಿದಲ್ಲೇ ಸತ್ತರೆ, ಶವಪರೀಕ್ಷೆಯಿಲ್ಲದೆ ‘ಸಹಜ ಸಾವು, ಹೃದಯ ನಿಂತಿದ್ದು’ ಎಂದು ಬರೆದುಬಿಡುತ್ತಿದ್ದರು. ಹಾಗೆ ಬರೆದ ಮೇಲೆ ಅದು ಕೆಲಸದ ಸಾವಲ್ಲ. ಮನೆಯವರಿಗೆ ಪರಿಹಾರವೂ ಇಲ್ಲ.

ಬಿಸಿಲು ಕೊಲ್ಲುವ ರೀತಿ ಇದು. ದೇಹ ಬೆವರಿನಿಂದ ತನ್ನನ್ನು ತಂಪಾಗಿಸಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಒಳಗಿನ ತಾಪ ಏರುತ್ತದೆ, ಚರ್ಮಕ್ಕೆ ರಕ್ತ ಹರಿಸಲು ಹೃದಯ ಹೆಚ್ಚು ದುಡಿಯುತ್ತದೆ. ನೀರು ಕುಡಿಯದೆ ದಿನವೂ ಹೀಗೆ ದುಡಿದವರ ಮೂತ್ರಪಿಂಡ ನಿಧಾನವಾಗಿ ಕೆಡುತ್ತದೆ. ಕೊಲ್ಲಿಯಿಂದ ಮರಳಿದ ನೇಪಾಳದ ಯುವಕರು ಡಯಾಲಿಸಿಸ್‌ಗೆ ಬರುತ್ತಿರುವುದನ್ನು ಅಲ್ಲಿನ ವೈದ್ಯರು ಗಮನಿಸಿದ್ದಾರೆ. ಕತಾರ್ 2021ರಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕ್ರೀಡಾಂಗಣಗಳ ಬಹುಪಾಲು ಕೆಲಸ ಮುಗಿದಿತ್ತು.

ಅಹಮದಾಬಾದಿಗೂ ಬಿಸಿಲಿನ ಕಹಿ ಅನುಭವವಿದೆ. 2010ರ ಮೇ ತಿಂಗಳಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿದಾಗ ಆ ನಗರದಲ್ಲಿ ಮಾಮೂಲಿಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವು. ಅದರಿಂದ ಪಾಠ ಕಲಿತು 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿದ ಮೊದಲ ಭಾರತೀಯ ನಗರವೂ ಅದೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಯೋಜನೆ ಕಾಗದದ ಮೇಲಿರುವುದು ಬೇರೆ, ಕಾಂಕ್ರೀಟು ಹಾಕುವ ಗಡುವು ಹತ್ತಿರ ಬಂದಾಗ ಮಧ್ಯಾಹ್ನ ಕೆಲಸ ನಿಲ್ಲಿಸುವುದು ಬೇರೆ.

ಕೂಲಿಯ ವಿಷಯದಲ್ಲಿ ನಿಮ್ಮ ಕೈಯಲ್ಲಿ ದೊಡ್ಡ ಆಯುಧವೊಂದಿದೆ. 1982ರ ದೆಹಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಗಳಲ್ಲಿ ದಿನಕ್ಕೆ 9 ರೂಪಾಯಿ 25 ಪೈಸೆ ಕನಿಷ್ಠ ಕೂಲಿ ಇದ್ದಾಗ ಜಮಾದಾರರು ತಲೆಗೆ ಒಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದರು. ಹೆಂಗಸರಿಗೆ ಸಿಗುತ್ತಿದ್ದುದು 7 ರೂಪಾಯಿ. ಈ ಕುರಿತು ಬಂದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ, ಕೂಟಕ್ಕೆ ಎರಡು ತಿಂಗಳು ಮೊದಲು, ತೀರ್ಪು ಕೊಟ್ಟಿತು. ಹೀಗಿದ್ದೂ 2010ರಲ್ಲಿ ಅದೇ ದೆಹಲಿಯಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿಗೆ ಅದೇ ಕಡಿಮೆ ಕೂಲಿ, ಅದೇ ಹೊಲಸು ವಸತಿ ಕಂಡುಬಂದವು. ತೀರ್ಪು ಇದ್ದರೆ ಸಾಲದು, ಸ್ಥಳದಲ್ಲಿ ಕೇಳುವವರು ಬೇಕು.

ತಮ್ಮ ಹೋಗುವುದಾದರೆ, ಮೇಸ್ತ್ರಿಯ ಹೆಸರಷ್ಟೇ ಅಲ್ಲದೆ ಮೂಲ ಗುತ್ತಿಗೆ ಕಂಪನಿಯ ಹೆಸರನ್ನೂ ಕೆಲಸದ ಜಾಗವನ್ನೂ ಬರೆಸಿಕೊಳ್ಳಿರಿ. ಇಲ್ಲಿಯ ಕಟ್ಟಡ ಕಾರ್ಮಿಕರ ಕಾರ್ಡ್ ಮತ್ತು ಇ-ಶ್ರಮ್ ನೋಂದಣಿ ಮಾಡಿಸಿ ಪ್ರತಿಗಳನ್ನು ಮನೆಯಲ್ಲಿಡಿ. ಪಗಾರ ಬ್ಯಾಂಕ್ ಖಾತೆಗೇ ಬರಲಿ. ಹೊಸಬ ಮೊದಲ ದಿನವೇ ಪೂರ್ತಿ ಬಿಸಿಲಿನಲ್ಲಿ ದುಡಿಯಬಾರದು. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲವೆಂದೇ ತಿಳಿಯಬೇಕು. ಮಾತು ತೊದಲಿದರೆ, ಮೈ ಕಾದು ಗೊಂದಲವಾದರೆ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಜೊತೆಗೆ ಹೋಗುವ ಎಲ್ಲ ಹುಡುಗರಿಗೂ ಇದನ್ನು ನೀವೇ ಹೇಳಿಕೊಡಿ. ಯಾರಾದರೂ ಅಲ್ಲಿ ತೀರಿಕೊಂಡರೆ ಶವಪರೀಕ್ಷೆಯಾಗದೆ ದೇಹವನ್ನು ಊರಿಗೆ ತರಲು ಒಪ್ಪಬಾರದು. ಕಠಿಣ ಮಾತು, ಆದರೆ ಹೇಳಲೇಬೇಕಾದದ್ದು.

ಪ್ರಶ್ನೆ: ನಮ್ಮ ಯಜಮಾನರಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಕ್ರಿಕೆಟ್ ಫೈನಲ್ ಇದ್ದರೆ ಊಟ, ಗುಳಿಗೆ ಎಲ್ಲ ಮರೆಯುತ್ತಾರೆ. ಅದೇ ರಾತ್ರಿ ನಮ್ಮ ಓಣಿಯಲ್ಲಿ ಕುಡಿತ, ಬೆಟ್ಟಿಂಗು, ಮನೆಮನೆಯ ಜಗಳ. ಆಟಕ್ಕೂ ಇದಕ್ಕೂ ನಿಜವಾಗಿಯೂ ಸಂಬಂಧವಿದೆಯೇ?
(ಗೃಹಿಣಿ, ಧಾರವಾಡ)

ಉತ್ತರ: ಇದೆ. 2006ರ ಫುಟ್‌ಬಾಲ್ ವಿಶ್ವಕಪ್ಪಿನ ವೇಳೆ ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ಜರ್ಮನಿಯ ತಂಡ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಇದ್ದವು. ಗಂಡಸರಲ್ಲಿ ಇನ್ನೂ ಹೆಚ್ಚು. ಮೊದಲೇ ಹೃದಯದ ಕಾಯಿಲೆ ಇದ್ದವರೇ ಹೆಚ್ಚು ತೊಂದರೆಗೀಡಾದವರು, ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲಿಯೇ ಪ್ರಕರಣಗಳ ಪ್ರಮಾಣ ಅತಿ ಹೆಚ್ಚಾಗಿತ್ತು. ಯಜಮಾನರು ಪಂದ್ಯ ನೋಡಬಾರದೆಂದೇನೂ ಇಲ್ಲ. ಗುಳಿಗೆಯನ್ನು ಟಾಸ್‌ಗೆ ಮೊದಲೇ ಕೊಡಿ, ಸಿಗರೇಟು, ಮದ್ಯ ಬೇಡ, ಎದೆ ಹಿಡಿದುಕೊಂಡರೆ ಓವರ್ ಮುಗಿಯಲಿ ಎಂದು ಕಾಯುವುದು ಖಂಡಿತ ಬೇಡ.

ಮನೆಯ ಜಗಳದ ವಿಷಯದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಪೊಲೀಸ್ ದಾಖಲೆಗಳನ್ನು ನೋಡಿದ ಸಂಶೋಧಕರು 2002, 2006, 2010ರ ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಸೋತ ದಿನ ಗೃಹ ಹಿಂಸೆಯ ದೂರು ಶೇ. 38ರಷ್ಟು, ಗೆದ್ದ ಅಥವಾ ಸಮಬಲವಾದ ದಿನವೂ ಶೇ. 26ರಷ್ಟು ಏರಿದ್ದನ್ನು ಕಂಡರು. ಗೆದ್ದರೂ ಏಟು ತಪ್ಪಲಿಲ್ಲ ಎಂಬುದನ್ನು ಗಮನಿಸಿರಿ. ಸೋಲಿನ ದುಃಖ ಎಂಬ ಸಮರ್ಥನೆ ಅಲ್ಲಿಗೆ ಬಿದ್ದುಹೋಗುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಓಣಿಯ ಬೆಟ್ಟಿಂಗ್ ಮೊದಲಿನಿಂದಲೂ ಅಪರಾಧ. ಪಕ್ಕದ ಮನೆಯಲ್ಲಿ ಹೊಡೆತ ಕೇಳಿದರೆ 112ಕ್ಕೆ, ಆಕೆಗೆ ಸಲಹೆ ಬೇಕಾದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಪ್ರಶ್ನೆ: ಬೆಂಗಳೂರಿನ ದುರಂತವನ್ನು ಟಿವಿಯಲ್ಲಿ ನೋಡಿ ನಡುಗಿದೆವು. ನಮ್ಮ ಜಿಲ್ಲೆಯ ಹೋರಿ ಹಬ್ಬದಲ್ಲಿಯೂ ಸಾವಿರಾರು ಜನ ಸೇರುತ್ತಾರೆ. ಜನಜಂಗುಳಿಯಲ್ಲಿ ಸಾವು ಹೇಗೆ ಆಗುತ್ತದೆ, ಹೇಗೆ ತಪ್ಪಿಸುವುದು?
(ಗ್ರಾಮ ಪಂಚಾಯ್ತಿ ಸದಸ್ಯರು, ಹಾವೇರಿ ಜಿಲ್ಲೆ)

ಉತ್ತರ: 2025ರ ಜೂನ್ 4ರಂದು, ಬೆಂಗಳೂರು ತಂಡ ಐಪಿಎಲ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಅಂದು ಅಲ್ಲಿ ಪಂದ್ಯವೇ ಇರಲಿಲ್ಲ. ಸುಮಾರು 35,000 ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು, ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಸ್ಪಷ್ಟ ಮಾಹಿತಿ ಯಾರಿಗೂ ಇರಲಿಲ್ಲ.

ಇಂಥ ಕಡೆ ಹೆಚ್ಚಿನವರು ತುಳಿತಕ್ಕೆ ಸಿಕ್ಕಿ ಸಾಯುವುದಿಲ್ಲ, ನಿಂತಲ್ಲಿಯೇ ಉಸಿರುಗಟ್ಟಿ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಯಾರಿಗೂ ತಮ್ಮ ಕಾಲಿನ ಮೇಲೆ ಹಿಡಿತವಿರುವುದಿಲ್ಲ. ಹಿಂದಿನಿಂದ ಬಂದ ಒತ್ತು ಅಲೆಯಂತೆ ಮುಂದಕ್ಕೆ ಹರಿದು, ಬಾಗಿಲು ಅಥವಾ ಗೋಡೆಯ ಬಳಿ ಎದೆಗೂಡು ಹಿಗ್ಗಲಾರದೆ ಉಸಿರು ನಿಲ್ಲುತ್ತದೆ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 97 ಜನ ಹೀಗೆಯೇ ಸತ್ತರು. ಆದ್ದರಿಂದ ಜನರ ಉತ್ಸಾಹವನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಅಗಲವಾಗಿರಬೇಕು, ಎಷ್ಟು ಜನ ಬಂದ ಮೇಲೆ ನಿಲ್ಲಿಸಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು, ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು.

ಹೋರಿ ಹಬ್ಬದಲ್ಲಿ ಅಪಾಯದ ಬಗೆ ಬೇರೆ. ಓಡುವ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ನುಗ್ಗುವವರು ತಿಳಿದೇ ಇಳಿದಿರುತ್ತಾರೆ. ಆದರೆ ಹೋರಿ ಓಡುವುದು ಊರ ಬೀದಿಯಲ್ಲಿ. ತಮ್ಮ ಪಾಡಿಗೆ ರಸ್ತೆಬದಿಯಲ್ಲಿ ನಿಂತ ವಯಸ್ಸಾದವರೂ ತಿವಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಎರಡೂ ಬದಿಗೆ ಗಟ್ಟಿ ಬೇಲಿ, ನೋಡುವವರಿಗೆ ಎತ್ತರದ ಜಾಗ, ಓಟದ ಕೊನೆಯಲ್ಲಿ ಹೋರಿಯನ್ನು ಹಿಡಿಯುವ ಆವರಣ, ಆಂಬುಲೆನ್ಸಿಗೆ ಜನರಿಲ್ಲದ ಒಂದು ದಾರಿ: ಇಷ್ಟಿಲ್ಲದ ಕಡೆ ಅನುಮತಿಗೆ ಪಂಚಾಯ್ತಿ ಒಪ್ಪಬಾರದು. ಬಹುಮಾನದ ಬೈಕಿಗೆ ದುಡ್ಡು ಕೂಡಿಸುವವರಿಗೆ ಬೇಲಿಗೂ ಕೂಡಿಸುವುದು ಕಷ್ಟವಾಗಲಾರದು.

ಪ್ರಶ್ನೆ: ದೇಶ ವಿದೇಶದ ಜನ ಸೇರಿದರೆ ಸಾಂಕ್ರಾಮಿಕ ರೋಗ ಹರಡುವುದಿಲ್ಲವೇ?
(ವಿದ್ಯಾರ್ಥಿನಿ, ರಾಣೆಬೆನ್ನೂರು)

ಉತ್ತರ: ಹೆದರಿದಷ್ಟು ಆಗುವುದಿಲ್ಲ. ರಿಯೊ ಒಲಿಂಪಿಕ್ಸನ್ನು ಝೀಕಾ ಸೋಂಕಿನಿಂದಾಗಿ ಮುಂದೂಡಬೇಕೆಂದು ಸುಮಾರು 150 ತಜ್ಞರು ಪತ್ರ ಬರೆದಿದ್ದರು. ಕೂಟ ನಡೆದದ್ದು ಸೊಳ್ಳೆ ಕಡಿಮೆ ಇರುವ ಅಲ್ಲಿನ ಚಳಿಗಾಲದಲ್ಲಿ, ಭಯಪಟ್ಟಂತೆ ರೋಗ ಹಬ್ಬಲಿಲ್ಲ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸಿನ ಬೆನ್ನಿಗೆ ಮಾತ್ರ ಆ ಪ್ರಾಂತದಲ್ಲಿ ದಡಾರ ಹರಡಿತು, ಹೆಚ್ಚಾಗಿ ಲಸಿಕೆ ಹಾಕಿಸಿಕೊಳ್ಳದವರಲ್ಲಿ. ನಮ್ಮ ಊರುಗಳಲ್ಲಿ ಇದಕ್ಕಿಂತ ಹತ್ತಿರದ ಅಪಾಯ ಕಾಮಗಾರಿಯ ಗುಂಡಿಗಳಲ್ಲಿ ನಿಂತ ನೀರು ಮತ್ತು ಅದರಿಂದ ಬರುವ ಡೆಂಗಿ.

ಪ್ರಶ್ನೆ: ನೀವು ಬರೀ ಕೆಡುಕನ್ನೇ ಹೇಳುತ್ತೀರಿ ಎನಿಸುತ್ತದೆ. ದೊಡ್ಡ ಕೂಟ ನೋಡಿ ಮಕ್ಕಳು ಆಟಕ್ಕೆ ಇಳಿಯುವುದಿಲ್ಲವೇ? ಒಳ್ಳೆಯದು ಏನೂ ಆಗಿಲ್ಲವೇ?
(ದೈಹಿಕ ಶಿಕ್ಷಣ ಶಿಕ್ಷಕರು, ಗದಗ)

ಉತ್ತರ: ಆಗಿದೆ. ಲಾಸ್ ಏಂಜಲೀಸ್ 1984ರಲ್ಲಿ ಇದ್ದ ಕ್ರೀಡಾಂಗಣಗಳನ್ನೇ ಬಳಸಿ ಹಣ ಉಳಿಸಿತು. ಪ್ಯಾರಿಸ್ 2024ರ ಕೂಟಕ್ಕಾಗಿ ಸೇನ್ ನದಿಯನ್ನು ಶುಚಿ ಮಾಡಲು ಭಾರೀ ಹಣ ಸುರಿದದ್ದರಿಂದ 2025ರ ಬೇಸಿಗೆಯಲ್ಲಿ ಸಾಮಾನ್ಯ ಜನ ಅದರಲ್ಲಿ ಈಜಿದರು. 2008ರಲ್ಲಿ ಬೀಜಿಂಗ್ ಕಾರ್ಖಾನೆಗಳನ್ನು ನಿಲ್ಲಿಸಿ, ಕಾರುಗಳನ್ನು ಸಮ-ಬೆಸ ಸಂಖ್ಯೆಯಂತೆ ರಸ್ತೆಗಿಳಿಸಿದಾಗ ಗಾಳಿ ತಿಳಿಯಾಯಿತು. ಆ ವಾರಗಳಲ್ಲಿ ಎಂಟನೇ ತಿಂಗಳಲ್ಲಿದ್ದ ಗರ್ಭಿಣಿಯರ ಮಕ್ಕಳು ಹಿಂದಿನ ಮತ್ತು ಮುಂದಿನ ವರ್ಷ ಅದೇ ದಿನಗಳಲ್ಲಿ ಹುಟ್ಟಿದವರಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. ನನಗೆ ಇದು ಎಲ್ಲ ಪದಕಗಳಿಗಿಂತ ದೊಡ್ಡ ಸುದ್ದಿ ಎನಿಸುತ್ತದೆ. ಆದರೆ ಅತಿಥಿಗಳು ಹೋದ ಮೇಲೆ ಹೊಗೆ ಮರಳಿ ಬಂತು.

ಮಕ್ಕಳ ಆಟದ ವಿಷಯದಲ್ಲಿ ಆಧಾರ ಬಡವಾಗಿದೆ. 1978ರಿಂದ 2008ರವರೆಗಿನ ಕೂಟಗಳ ಬಗೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಸಂಶೋಧಕರು, ಆತಿಥ್ಯ ವಹಿಸಿದ ಊರಿನ ಜನರ ಆರೋಗ್ಯ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು 2010ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2012ರ ಲಂಡನ್ ಒಲಿಂಪಿಕ್ಸಿನ ನಂತರ ಅಲ್ಲಿನ ಹದಿಹರೆಯದವರನ್ನು ಹಿಂಬಾಲಿಸಿದ ಅಧ್ಯಯನವೂ ಅವರ ಚಟುವಟಿಕೆ ಹೆಚ್ಚಿದ್ದನ್ನು ಕಾಣಲಿಲ್ಲ. ಟಿವಿ ನೋಡಿದ ಮಗುವಿಗೆ ಆಸೆ ಹುಟ್ಟುವುದು ನಿಜ. ಮರುದಿನ ಸಂಜೆ ಓಡಲು ಹತ್ತಿರದಲ್ಲಿ ಮೈದಾನ, ಕಲಿಸಲು ನಿಮ್ಮಂಥವರು ಇಲ್ಲದಿದ್ದರೆ ಆ ಆಸೆ ವಾರದೊಳಗೆ ಆರುತ್ತದೆ. ಗದಗಿನ ಗರಡಿಗಳಿಂದ ಪೈಲ್ವಾನರು ಬಂದದ್ದು ಊರಿಗೆ ವಿಶ್ವಕಪ್ ಬಂದದ್ದರಿಂದಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಮೈದಾನವನ್ನು ಟೂರ್ನಮೆಂಟು, ವಸ್ತುಪ್ರದರ್ಶನ ಎಂದು ಮೇಲಿಂದ ಮೇಲೆ ಬಾಡಿಗೆಗೆ ಕೊಡುತ್ತಾರೆ. ಮುಗಿದ ಮೇಲೆ ಮೊಳೆ, ಗುಂಡಿ, ಗಾಜು. ಮಕ್ಕಳಿಗೆ ಆಡಲು ಜಾಗವಿಲ್ಲ, ವಯಸ್ಸಾದವರಿಗೆ ನಡೆಯಲು ಜಾಗವಿಲ್ಲ. ಯಾರನ್ನು ಕೇಳಬೇಕು?
(ನಿವಾಸಿಗಳ ಸಂಘ, ಹುಬ್ಬಳ್ಳಿ)

ಉತ್ತರ: ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ, ನಿಮ್ಮ ಮನವಿಯಲ್ಲಿ ಅದನ್ನು ಉಲ್ಲೇಖಿಸಿರಿ. ಅದಕ್ಕೂ ಮೊದಲು ಮೈದಾನ ಯಾವ ಇಲಾಖೆಯ ಹೆಸರಿನಲ್ಲಿದೆ ಎಂದು ತಿಳಿದು, ಅಲ್ಲಿಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಹಳೆಯ ಸಂಕಟವನ್ನೆಲ್ಲ ತೋಡಿಕೊಳ್ಳದೆ ನೇರವಾಗಿ ಕೇಳಬೇಕು: ಕಳೆದ ಮೂರು ವರ್ಷಗಳಲ್ಲಿ ಮೈದಾನವನ್ನು ಯಾವ ಯಾವ ದಿನ ಬಾಡಿಗೆಗೆ ಕೊಡಲಾಗಿದೆ, ಎಷ್ಟು ಹಣ ಬಂದಿದೆ, ನೆಲವನ್ನು ಮೊದಲಿನಂತೆ ಮಾಡಿಕೊಡುವುದಕ್ಕಾಗಿ ಠೇವಣಿ ಪಡೆದಿದ್ದರೆ ಅದನ್ನು ಹಿಂದಿರುಗಿಸುವ ಮೊದಲು ಸ್ಥಳ ಪರಿಶೀಲಿಸಿದವರು ಯಾರು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಉತ್ತರದ ಪ್ರತಿಯನ್ನು ನಮಗೂ ಕಳಿಸಿಕೊಡಿ.